ಗೆದ್ದವರು ಗುರುಗಳಾಗಲಿ
(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಆಟದ ಬಯಲಿನಲ್ಲಿ ಗೆದ್ದವರಿಗೆ ನಮ್ಮ ಸಮಾಜವು ಮೂರು ವಸ್ತುಗಳನ್ನು ಕೊಡುತ್ತದೆ: ಕೊರಳಿಗೊಂದು ಹಾರ, ಹೆಗಲಿಗೊಂದು ಶಾಲು, ಅದೃಷ್ಟವಿದ್ದರೆ ಹೊಟ್ಟೆಗೊಂದು ನೌಕರಿ. ಹಾರ ಸಂಜೆಗೆ ಬಾಡುತ್ತದೆ. ಶಾಲು ಪೆಟ್ಟಿಗೆ ಸೇರುತ್ತದೆ. ನೌಕರಿಯೊಂದು ಮಾತ್ರ ಉಳಿಯುತ್ತದೆ; ಅದೂ ಆ ವ್ಯಕ್ತಿಯ ಮನೆಯ ಮಟ್ಟಿಗೆ. ಹತ್ತು ಹನ್ನೆರಡು ವರ್ಷ ಬೆವರು ಸುರಿಸಿ ಅವರು ಗಳಿಸಿದ ವಿದ್ಯೆ ಎಲ್ಲಿಗೆ ಹೋಯಿತು, ಅದನ್ನು ಯಾರಿಗೆ ಹೇಳಿಕೊಟ್ಟರು ಎಂದು ಸನ್ಮಾನದ ಸಭೆಯಲ್ಲಿ ಕೇಳುವವರಿಲ್ಲ. ಕೇಳಬೇಕು ಎಂಬುದು ಈ ಲೇಖನದ ವಾದ. ಪದಕವು ತಾನಾಗಿ ಮರಿ ಹಾಕುವುದಿಲ್ಲ. ಪದಕ ಗೆದ್ದವರು ಗುರುಗಳಾದರೆ ಮಾತ್ರ ಒಂದು ಊರಿಗೆ, ಒಂದು ಜಿಲ್ಲೆಗೆ, ಒಂದು ದೇಶಕ್ಕೆ ಆಟದ ಸಂಪ್ರದಾಯ ಎಂಬುದು ಹುಟ್ಟುತ್ತದೆ.

ಈ ಮಾತಿಗೆ ನಾನು ಆರಿಸಿಕೊಂಡಿರುವ ಉದಾಹರಣೆ ಸೈಕಲ್ಲಿನದು. ಕ್ರಿಕೆಟ್ಟನ್ನು ಬಿಟ್ಟು ಸೈಕಲ್ಲೇಕೆ ಎಂದು ಸಹಪಾಠಿಗಳು ನಗಬಹುದು. ಆದರೆ ರಾಯಚೂರು, ದೇವದುರ್ಗ, ಮಾನ್ವಿಗಳ ಹುಡುಗ ಹುಡುಗಿಯರಲ್ಲಿ ಬ್ಯಾಟು ಹಿಡಿಯದವರು ಅನೇಕರಿದ್ದಾರೆ, ಸೈಕಲ್ಲು ಮುಟ್ಟದವರು ಬಹಳ ಕಡಿಮೆ. ನಮ್ಮ ಅಪ್ಪ ಹೊಲದ ಕೆಲಸಕ್ಕೆ ಹೋಗಲು ಸೈಕಲ್ಲು ತುಳಿದವರು. ಅದು ಆಟವೂ ಹೌದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೈಸ್ಕೂಲು ಮುಗಿಸಿದ್ದು ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನ ಮೇಲೆ. ನಮ್ಮ ರಾಜ್ಯದಲ್ಲಿ ಆ ಯೋಜನೆ 2006-07ರಲ್ಲಿ ಆರಂಭವಾಗಿ, ಕೋವಿಡ್ಡಿನ ಕಾಲದಲ್ಲಿ ನಿಂತಿತು. ಅಷ್ಟರಲ್ಲಿ ಅದು ಎಷ್ಟೋ ಹಳ್ಳಿಯ ಹುಡುಗಿಯರನ್ನು ಮನೆಯ ಹೊಸ್ತಿಲಿನಿಂದ ಹೈಸ್ಕೂಲಿನ ಬಾಗಿಲಿಗೆ ತಂದು ಬಿಟ್ಟಿತ್ತು. ಇಷ್ಟು ಜನ ತುಳಿದರೂ ನಮ್ಮಲ್ಲಿ ಸೈಕಲ್ಲು ಆಟವಾಗಿ ಬೇರೂರಲಿಲ್ಲ. ಏಕೆ ಎಂಬುದೇ ಪ್ರಶ್ನೆ.

ಮೊದಲು ಈ ಆಟದ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಟ್ರ್ಯಾಕ್ ಸೈಕ್ಲಿಂಗ್ ನಡೆಯುವ ಅಂಗಳಕ್ಕೆ ವೆಲೊಡ್ರೋಮ್ ಎನ್ನುತ್ತಾರೆ. ಬಾಣಲೆಯ ಅಂಚಿನಂತೆ ಮೇಲೆದ್ದ ಓಟದ ಹಾದಿ ಅದು. ಇಂದಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದರ ಸುತ್ತಳತೆ 250 ಮೀಟರು. ತಿರುವುಗಳಲ್ಲಿ ಹಾದಿ 40 ಡಿಗ್ರಿಗೂ ಮಿಗಿಲಾಗಿ ವಾಲಿರುತ್ತದೆ. ಅಲ್ಲಿ ಓಡುವ ಸೈಕಲ್ಲಿಗೆ ಬ್ರೇಕು ಇಲ್ಲ, ಫ್ರೀವೀಲು ಇಲ್ಲ. ಗಾಲಿ ತಿರುಗುವವರೆಗೆ ಪೆಡಲೂ ತಿರುಗಲೇಬೇಕು. ಕಾಲಿಗೆ ವಿಶ್ರಾಂತಿ ಎಂಬುದಿಲ್ಲ. ನಮ್ಮ ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಟ್ರ್ಯಾಕ್ ಸೈಕಲ್ಲಿನ ಮುಂದಿನ ಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 14 ಹಲ್ಲು ಇಟ್ಟರೆ ಅದೇ ಒಂದು ತುಳಿತಕ್ಕೆ ಗಾಲಿ ಮೂರೂವರೆ ಸುತ್ತಿನ ಸಮೀಪಕ್ಕೆ ಹೋಗುತ್ತದೆ. ಯಾವ ಕಾಲಿಗೆ ಎಷ್ಟು ಹಲ್ಲು ಸರಿ, ಯಾವ ದಿನ ಎಷ್ಟು ಸರಿ ಎಂಬ ಲೆಕ್ಕವೇ ಒಂದು ಶಾಸ್ತ್ರ.

ಇದರಲ್ಲಿ ಸ್ಪ್ರಿಂಟ್ ಎಂಬ ಸ್ಪರ್ಧೆ ಬಲು ವಿಚಿತ್ರವಾದದ್ದು. ಇಬ್ಬರೇ ಎದುರಾಳಿಗಳು. ಓಟ ಆರಂಭವಾದರೂ ಇಬ್ಬರೂ ಸಂತೆಗೆ ಹೊರಟವರಂತೆ ನಿಧಾನವಾಗಿ ಸಾಗುತ್ತಾರೆ. ಒಮ್ಮೊಮ್ಮೆ ವಾಲಿದ ಹಾದಿಯ ಮೇಲೆ ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸಿಬಿಡುತ್ತಾರೆ. ಮುಂದೆ ಹೋದವನು ಗಾಳಿಯನ್ನು ಸೀಳಬೇಕು. ಹಿಂದಿನವನು ಆ ಮರೆಯಲ್ಲಿ ಬಲವನ್ನು ಉಳಿಸಿಕೊಂಡು ಕೊನೆಗೆ ಹಾರುತ್ತಾನೆ. ಆದ್ದರಿಂದ ಮುಂದೆ ಹೋಗಲು ಇಬ್ಬರಿಗೂ ಮನಸ್ಸಿಲ್ಲ. ಕಡೆಯ 200 ಮೀಟರಿನಲ್ಲಿ ಮಾತ್ರ ಬಿರುಗಾಳಿ. ಅಲ್ಲಿ ಗೆಲುವು ಸೋಲುಗಳನ್ನು ನಿರ್ಧರಿಸುವುದು ಬರಿಯ ತೊಡೆಯ ಶಕ್ತಿಯಲ್ಲ. ಎದುರಾಳಿಯ ಹೆಗಲು ಯಾವ ಕಡೆಗೆ ವಾಲಿತು, ಅವನ ಕಣ್ಣು ಎಲ್ಲಿ ನೆಟ್ಟಿತು ಎಂಬ ತಿಳಿವು. ಇಂಥ ತಿಳಿವು ಪುಸ್ತಕದಿಂದ ಪೂರ್ತಿಯಾಗಿ ಬಾರದು. ನೂರು ಸಲ ಗೆದ್ದು, ನೂರು ಸಲ ಸೋತು ಕಲಿತವರ ಬಾಯಿಂದ ಬರಬೇಕು.

ಹಾಗೆ ಕಲಿತು, ಹಾಗೆಯೇ ಕಲಿಸಿದವರಲ್ಲಿ ಫ್ರಾನ್ಸ್ ದೇಶದ ಡೇನಿಯಲ್ ಮೊರೆಲಾನ್ ಅವರ ಹೆಸರು ಎದ್ದು ಕಾಣುತ್ತದೆ. 1944ರಲ್ಲಿ ಹುಟ್ಟಿದ ಈತ 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಸ್ಪ್ರಿಂಟ್ ಕಂಚು ಗೆದ್ದಾಗ ವಯಸ್ಸು ಇಪ್ಪತ್ತು, ಅಂದರೆ ನಮ್ಮ ನಿಮ್ಮ ವಯಸ್ಸು. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ: ಒಂದು ಸ್ಪ್ರಿಂಟಿನಲ್ಲಿ, ಇನ್ನೊಂದು ಪಿಯರ್ ತ್ರೆಂತಾ ಎಂಬ ಜೊತೆಗಾರನೊಡನೆ ಇಬ್ಬರು ಕೂಡಿ ತುಳಿಯುವ ಟ್ಯಾಂಡೆಮ್ ಸೈಕಲ್ಲಿನಲ್ಲಿ. 1972ರ ಮ್ಯೂನಿಕ್ಕಿನಲ್ಲಿ ಮತ್ತೆ ಸ್ಪ್ರಿಂಟ್ ಚಿನ್ನ. 1976ರ ಮಾಂಟ್ರಿಯಲ್ಲಿನಲ್ಲಿ ಚೆಕೊಸ್ಲೊವಾಕಿಯಾದ ಆಂಟನ್ ಟ್ಕಾಚ್ ಎದುರು ಅಂತಿಮ ಸ್ಪರ್ಧೆಯಲ್ಲಿ ಸೋತು ಬೆಳ್ಳಿ. ಇವುಗಳ ನಡುವೆ 1966ರಿಂದ 1975ರವರೆಗೆ ಏಳು ಸಲ ಅಮೆಚೂರ್ ಸ್ಪ್ರಿಂಟಿನ ವಿಶ್ವ ಚಾಂಪಿಯನ್ ಪಟ್ಟ.

ಇಷ್ಟು ಗೆದ್ದ ಮನುಷ್ಯ ಅಲ್ಲಿಗೆ ನಿಂತಿದ್ದರೂ ಚರಿತ್ರೆ ಅವನನ್ನು ಮರೆಯುತ್ತಿರಲಿಲ್ಲ. ಆದರೆ ಮೊರೆಲಾನ್ ತಮ್ಮ ಎರಡನೆಯ ಬಾಳನ್ನು ತರಬೇತುದಾರನಾಗಿ ಬಾಳಿದರು. ಅವರ ಕೈಕೆಳಗೆ ಪಳಗಿದವರಲ್ಲಿ ಫೆಲಿಷಿಯಾ ಬಲಾಂಜೆ ಎಂಬಾಕೆ ಪ್ರಮುಖಳು. 1992ರ ಬಾರ್ಸಿಲೋನಾದಲ್ಲಿ ಆಕೆಗೆ ನಾಲ್ಕನೆಯ ಸ್ಥಾನ; ಪದಕವಿಲ್ಲದೆ ಬರಿಗೈಯಲ್ಲಿ ಮರಳಬೇಕಾದ ಸ್ಥಾನ. ಆದರೆ 1995ರಿಂದ 1999ರವರೆಗೆ ಐದು ವರ್ಷ, ಪ್ರತಿವರ್ಷವೂ ಸ್ಪ್ರಿಂಟ್ ಹಾಗೂ 500 ಮೀಟರ್ ಟೈಮ್ ಟ್ರಯಲ್ ಎರಡರಲ್ಲೂ ಆಕೆಯೇ ವಿಶ್ವ ಚಾಂಪಿಯನ್ನು: ಒಟ್ಟು ಹತ್ತು ಪಟ್ಟಗಳು. 1996ರ ಅಟ್ಲಾಂಟಾದಲ್ಲಿ ಒಂದು ಚಿನ್ನ, 2000ದ ಸಿಡ್ನಿಯಲ್ಲಿ ಎರಡು ಚಿನ್ನ. ಒಲಿಂಪಿಕ್ ಚಿನ್ನದ ಲೆಕ್ಕದಲ್ಲಿ ಗುರುವಿನದೂ ಮೂರು, ಶಿಷ್ಯೆಯದೂ ಮೂರು. ಮುಂದೆ ಮೊರೆಲಾನ್ ಚೀನಾದ ತಂಡಕ್ಕೆ ಕಲಿಸಲು ಹೋದರು. ಆ ತಂಡದ ಗುವೊ ಷುವಾಂಗ್ 2008ರ ಬೀಜಿಂಗಿನಲ್ಲಿ ಕಂಚು ಗೆದ್ದಳು. 2012ರ ಲಂಡನ್ನಿನಲ್ಲಿ ಎರಡು ಬೆಳ್ಳಿ, ಒಂದು ಕಂಚುಗಳಲ್ಲಿ ಆಕೆಯ ಪಾಲಿತ್ತು. ಗಂಡಸಿನ ವಿದ್ಯೆ ಹೆಣ್ಣುಮಗಳಿಗೆ ದಾಟಿತು, ಫ್ರಾನ್ಸಿನ ವಿದ್ಯೆ ಚೀನಾಕ್ಕೆ ದಾಟಿತು. ಸವಾರನಾಗಿ ಆತ ತುಳಿದದ್ದು ಹದಿನೈದು ವರ್ಷದ ಆಸುಪಾಸು. ಗುರುವಾಗಿ ಓಡಿಸಿದ್ದು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ.

ಇನ್ನು ನಮ್ಮ ದೇಶದ ಕಡೆಗೆ ನೋಡೋಣ. ಮೊರೆಲಾನ್ ಮೊದಲ ಪದಕ ಗೆದ್ದ ಅದೇ 1964ರ ಟೋಕಿಯೊದಲ್ಲಿ ಭಾರತದ ಸೈಕಲ್ ಸವಾರರೂ ಸ್ಪರ್ಧಿಸಿದ್ದರು. ಅದಾದ ಮೇಲೆ 2024ರ ಪ್ಯಾರಿಸ್‌ವರೆಗೆ ಒಲಿಂಪಿಕ್ಸಿನ ಸೈಕಲ್ ಸ್ಪರ್ಧೆಗೆ ಭಾರತದಿಂದ ಒಬ್ಬರೂ ಅರ್ಹತೆ ಪಡೆಯಲಿಲ್ಲ. ಒಂದೇ ಅಂಗಳದಿಂದ ಹೊರಟ ಎರಡು ದೇಶಗಳ ದಾರಿ ಇಷ್ಟು ಬೇರೆಯಾದದ್ದು ಏಕೆ? ಹಣ, ಹಾದಿ, ಸಲಕರಣೆ ಎಲ್ಲವೂ ಕಾರಣಗಳೇ. ಆದರೆ ತಲೆಮಾರಿನಿಂದ ತಲೆಮಾರಿಗೆ ವಿದ್ಯೆ ಹರಿಯುವ ಕಾಲುವೆ ನಮ್ಮಲ್ಲಿ ತೋಡಲ್ಪಡಲಿಲ್ಲ ಎಂಬುದೂ ಒಂದು ಕಾರಣವೆಂದು ನನ್ನ ತಿಳಿವಳಿಕೆ.

ಕಾಲುವೆ ತೋಡಿದಲ್ಲಿ ನೀರು ಹರಿದದ್ದಕ್ಕೂ ಸಾಕ್ಷಿಯಿದೆ. ಅಂಡಮಾನ್ ನಿಕೋಬಾರ್ ದ್ವೀಪಗಳ ಒಟ್ಟು ಜನಸಂಖ್ಯೆ 2011ರ ಗಣತಿಯಂತೆ ನಾಲ್ಕು ಲಕ್ಷವೂ ಇಲ್ಲ. ನಮ್ಮ ರಾಯಚೂರು ಜಿಲ್ಲೆಯದು 19 ಲಕ್ಷಕ್ಕೂ ಮೇಲು. ಆದರೂ 2004ರ ಸುನಾಮಿಯಲ್ಲಿ ಬದುಕುಳಿದ ಡೆಬೋರಾ ಹೆರಾಲ್ಡ್ ಬಂದದ್ದು ಆ ದ್ವೀಪಗಳಿಂದ. 2018ರಲ್ಲಿ ಸ್ವಿಟ್ಜರ್ಲೆಂಡಿನ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿ ಗೆದ್ದ ಎಸೊ ಆಲ್ಬನ್ ಬಂದದ್ದೂ ಅಲ್ಲಿಂದಲೇ. ಮರುವರ್ಷ ಜರ್ಮನಿಯಲ್ಲಿ ಇದೇ ಎಸೊ ಮತ್ತು ಮಣಿಪುರದ ರೊನಾಲ್ಡೊ ಸಿಂಗ್ ಮೊದಲಾದವರು ಕೂಡಿ ಜೂನಿಯರ್ ತಂಡ ಸ್ಪ್ರಿಂಟಿನಲ್ಲಿ ಚಿನ್ನ ಗೆದ್ದರು. ಪೋರ್ಟ್‌ಬ್ಲೇರಿನಲ್ಲಿ ಭಾರತ ಕ್ರೀಡಾ ಪ್ರಾಧಿಕಾರದ ಕೇಂದ್ರವಿತ್ತು, ಅಲ್ಲಿ ಮಕ್ಕಳನ್ನು ಗುರುತಿಸಿ ಸೈಕಲ್ಲು ಹತ್ತಿಸುವವರಿದ್ದರು, ಮುಂದೆ ಅವರನ್ನು ದಿಲ್ಲಿಯ ಇಂದಿರಾ ಗಾಂಧಿ ವೆಲೊಡ್ರೋಮಿಗೆ ಕರೆದುಕೊಂಡು ಹೋಗುವ ದಾರಿಯಿತ್ತು. ಅಂದಮೇಲೆ ಪ್ರತಿಭೆ ಜನಸಂಖ್ಯೆಯನ್ನು ನೋಡಿ ಹುಟ್ಟುವುದಿಲ್ಲ. ಗುರುವಿನ ಕಣ್ಣು ಬಿದ್ದಲ್ಲಿ ಬೆಳಕಿಗೆ ಬರುತ್ತದೆ.

ದ್ವೀಪಗಳವರೆಗೆ ಹೋಗುವ ಅಗತ್ಯವೂ ಇಲ್ಲ. ಕೃಷ್ಣೆಯನ್ನು ದಾಟಿ ವಿಜಯಪುರಕ್ಕೆ, ಪಕ್ಕದ ಬಾಗಲಕೋಟೆಗೆ ಹೋದರೆ ಸಾಕು. ಆ ಸೀಮೆಯ ಹಳ್ಳಿಗಳ ಜಾತ್ರೆಗಳಲ್ಲಿ ಬಂಡಿಯ ಶರ್ಯತ್ತಿನಂತೆ ಸೈಕಲ್ಲಿನ ಶರ್ಯತ್ತೂ ನಡೆಯುತ್ತದೆ. ರಾಜ್ಯದ ಕ್ರೀಡಾ ಇಲಾಖೆ ಅಲ್ಲಿ ಸೈಕ್ಲಿಂಗಿಗಾಗಿ ಕ್ರೀಡಾನಿಲಯಗಳನ್ನು ನಡೆಸಿತು. ಒಕ್ಕಲಿಗರ, ಕೂಲಿಕಾರರ ಮಕ್ಕಳು, ಅವರಲ್ಲಿ ಹೆಣ್ಣುಮಕ್ಕಳೂ, ಅಲ್ಲಿ ತಯಾರಾಗಿ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕ ಗೆದ್ದು, ರೈಲ್ವೆ ಮೊದಲಾದೆಡೆ ನೌಕರಿ ಪಡೆದರು. ವಿಜಯಪುರದ ವೆಲೊಡ್ರೋಮಿನ ಕಾಮಗಾರಿ ವರ್ಷಗಟ್ಟಲೆ ಎಳೆಯುತ್ತಿದ್ದಾಗಲೂ ಈ ಮಕ್ಕಳು ಹೆದ್ದಾರಿಯಲ್ಲಿ ನಸುಕಿಗೆ ಎದ್ದು ತುಳಿಯುತ್ತಿದ್ದರು. ಹಾದಿ ಇನ್ನೂ ಸಿದ್ಧವಿರಲಿಲ್ಲ. ಕಲಿಸುವವರು ಮತ್ತು ಕಲಿಯುವವರು ಸಿದ್ಧರಿದ್ದರು. ಮೊದಲು ಬೇಕಾದದ್ದು ಕಟ್ಟಡವೋ ಗುರುವೋ ಎಂಬ ಪ್ರಶ್ನೆಗೆ ವಿಜಯಪುರ, ಬಾಗಲಕೋಟೆಗಳು ಹೀಗೆ ಉತ್ತರ ಕೊಟ್ಟಿವೆ.

ಗುರುಪರಂಪರೆ ಎಂಬುದು ನಮ್ಮ ಮಣ್ಣಿಗೆ ಹೊಸತೇನೂ ಅಲ್ಲ. ಹದಿನೆಂಟನೆಯ ಶತಮಾನದ ಹರಿದಾಸರನ್ನು ನೆನೆಯಿರಿ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು. ಅವರ ಶಿಷ್ಯರು ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು. ಗೋಪಾಲದಾಸರ ಶಿಷ್ಯರು ಮತ್ತೆ ಮಾನ್ವಿ ಸೀಮೆಯ ಬ್ಯಾಗವಾಟದ ಜಗನ್ನಾಥದಾಸರು. ಮೂವರೂ ನಮ್ಮ ಹೊಲಗದ್ದೆಗಳ ನಡುವಿನ ಸಣ್ಣ ಊರುಗಳವರು. ಒಬ್ಬರು ಇನ್ನೊಬ್ಬರನ್ನು ತಯಾರು ಮಾಡದಿದ್ದರೆ ರಾಯಚೂರು ಸೀಮೆಗೆ ದಾಸಸಾಹಿತ್ಯದಲ್ಲಿ ಇಂದಿರುವ ಸ್ಥಾನ ಇರುತ್ತಿರಲಿಲ್ಲ. ಹಾಡಿಗೆ ಸಲ್ಲುವ ನ್ಯಾಯ ಆಟಕ್ಕೂ ಸಲ್ಲುತ್ತದೆ.

ನನ್ನ ವಾದಕ್ಕೆ ಆಕ್ಷೇಪಣೆಗಳು ಬರುವುದು ಸಹಜ. ಅವುಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯದು: ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸಲಾರರು. ನಿಜ. ಈಜು ಬಲ್ಲವನು ಕೆರೆ ದಾಟಿಯಾನು, ಇನ್ನೊಬ್ಬನನ್ನು ದಾಟಿಸುವುದು ಬೇರೆ ವಿದ್ಯೆ. ತನಗೆ ಸಲೀಸಾಗಿ ಬಂದದ್ದು ಶಿಷ್ಯನಿಗೆ ಏಕೆ ಬಾರದೆಂದು ಸಿಡುಕುವ ಚಾಂಪಿಯನ್ನರೂ ಇರುತ್ತಾರೆ. ಈ ಕಾರಣಕ್ಕೇ 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಸ್ಥಾಪನೆಯಾಯಿತು. ಕಲಿಸುವುದನ್ನು ಅಲ್ಲಿ ಕಲಿಸುತ್ತಾರೆ. ಅನುಭವಕ್ಕೆ ಶಿಕ್ಷಣ ಕೂಡಬೇಕು. ಪದಕವನ್ನೇ ಪ್ರಮಾಣಪತ್ರವೆಂದು ತಿಳಿಯಬೇಕೆಂದು ನಾನು ಹೇಳುತ್ತಿಲ್ಲ; ಪದಕ ಗೆದ್ದವರನ್ನು ಹುಡುಕಿ, ಆ ಶಿಕ್ಷಣಕ್ಕೆ ಕಳಿಸಬೇಕು ಎನ್ನುತ್ತಿದ್ದೇನೆ.

ಎರಡನೆಯ ಆಕ್ಷೇಪಣೆ ಹೊಟ್ಟೆಯದು, ಅದು ಬಹಳ ಗಟ್ಟಿಯಾದದ್ದು. ಬಡವರ ಮನೆಯ ಮಗ ರೈಲ್ವೆಯಲ್ಲಿ ಖಾಯಂ ನೌಕರಿ ಹಿಡಿದರೆ ಅವನನ್ನು ಬಿಡಿಸಿ, ಗುತ್ತಿಗೆಯ ಸಂಬಳಕ್ಕೆ ತರಬೇತುದಾರನಾಗು ಎಂದು ಉಪದೇಶ ಮಾಡುವುದು ಯಾವ ನ್ಯಾಯ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ತಿಂಗಳ ಸಂಬಳ ಎಂಬ ಮಾತಿಗೆ ನಮ್ಮಂಥ ಮನೆಗಳಲ್ಲಿ ಇರುವ ತೂಕ ನನಗೆ ಗೊತ್ತಿದೆ. ಆದ್ದರಿಂದ ತಪ್ಪು ಆ ಚಾಂಪಿಯನ್ನನದಲ್ಲ. ಟಿಕೇಟು ಕೊಡುವ ಕೆಲಸಕ್ಕೆ ಭದ್ರತೆಯನ್ನೂ, ಮಕ್ಕಳನ್ನು ತಯಾರು ಮಾಡುವ ಕೆಲಸಕ್ಕೆ ಅಭದ್ರತೆಯನ್ನೂ ಇಟ್ಟಿರುವ ವ್ಯವಸ್ಥೆಯದು. ನೌಕರಿಯನ್ನು ಉಳಿಸಿಯೇ ಮೂರೋ ಐದೋ ವರ್ಷ ಅವನ ಸೇವೆಯನ್ನು ಜಿಲ್ಲೆಗೆ ಎರವಲು ಕೊಡಲು ಬಾರದೆ? ಶಿಕ್ಷಕರು, ಅಧಿಕಾರಿಗಳು ಒಂದು ಇಲಾಖೆಯಿಂದ ಇನ್ನೊಂದಕ್ಕೆ ನಿಯೋಜನೆಯ ಮೇಲೆ ಹೋಗುತ್ತಾರಲ್ಲ! ಕೇಂದ್ರ ಸರ್ಕಾರವು 2020ರಲ್ಲಿ ಜಿಲ್ಲಾ ಮಟ್ಟದಲ್ಲಿ 1000 ಖೇಲೋ ಇಂಡಿಯಾ ಕೇಂದ್ರಗಳ ಯೋಜನೆಯನ್ನು ಪ್ರಕಟಿಸಿದಾಗ, ಹಿಂದಿನ ಚಾಂಪಿಯನ್ನರನ್ನೇ ತರಬೇತುದಾರರನ್ನಾಗಿ ಮಾಡಿ ಅವರಿಗೆ ಜೀವನೋಪಾಯ ಒದಗಿಸುವುದು ಅದರ ಒಂದು ಉದ್ದೇಶವಾಗಿತ್ತು. ಅಂದರೆ ಈ ವಿಚಾರ ಒಬ್ಬ ವಿದ್ಯಾರ್ಥಿನಿಯ ಹಗಲುಗನಸಲ್ಲ. ಸರ್ಕಾರವೇ ಒಪ್ಪಿರುವ ತತ್ತ್ವ.

ಮೂರನೆಯ ಆಕ್ಷೇಪಣೆ: ಸಾಕ್ಷರತೆ 2011ರಲ್ಲಿ ನೂರಕ್ಕೆ ಅರವತ್ತನ್ನೂ ಮುಟ್ಟಿರದಿದ್ದ ಜಿಲ್ಲೆಗೆ ಸೈಕಲ್ಲಿನ ಪಂದ್ಯದ ಚಿಂತೆ ಏತಕ್ಕೆ? ಓದಿಗೂ ಆಟಕ್ಕೂ ಜಗಳವಿದ್ದರೆ ನಾನು ಓದಿನ ಪಕ್ಷವನ್ನೇ ವಹಿಸುತ್ತಿದ್ದೆ. ಆದರೆ ನಮ್ಮ ಸೀಮೆಯಲ್ಲಿ ಇವೆರಡೂ ಒಂದೇ ಸೈಕಲ್ಲಿನ ಎರಡು ಗಾಲಿಗಳು. ಏಳನೆಯ ತರಗತಿಗೆ ಶಾಲೆ ಬಿಡಿಸಿ ಹತ್ತಿ ಬಿಡಿಸಲು ಕಳಿಸಬಹುದಾದ ಹುಡುಗಿಯನ್ನು ಕ್ರೀಡಾನಿಲಯಕ್ಕೆ ಸೇರಿಸಿದರೆ ಆಕೆಗೆ ಊಟವೂ ಸಿಗುತ್ತದೆ, ಶಾಲೆಯೂ ಉಳಿಯುತ್ತದೆ. ‘ಹೆಣ್ಣುಹುಡುಗಿಗಿ ಸೈಕಲ್ ಯಾಕ ಬೇಕವ್ವ, ನಾಳಿ ಕೊಟ್ಟ ಮನಿಗಿ ಹೋಗಾಕಿ’ ಎನ್ನುವ ಹಿರಿಯರಿಗೆ ಭಾಷಣದಿಂದ ಉತ್ತರ ಕೊಡಲಾಗದು. ಅದೇ ಸೈಕಲ್ಲಿನಿಂದ ನೌಕರಿ ಹಿಡಿದು, ಅದೇ ಊರಿಗೆ ಕಲಿಸಲು ಬಂದ ಒಬ್ಬ ಅಕ್ಕನನ್ನು ತೋರಿಸಿದರೆ ಅರ್ಧ ಉತ್ತರ ಮುಗಿಯುತ್ತದೆ. ಅಂಥ ಅಕ್ಕ ನಮ್ಮ ಹುಡುಗಿಯರ ಕಣ್ಣಿಗೆ ಬೀಳಬೇಕು.

ಕಡೆಯ ಆಕ್ಷೇಪಣೆ: ನಮ್ಮಲ್ಲಿ ವೆಲೊಡ್ರೋಮ್ ಇಲ್ಲವಲ್ಲ? ಇಲ್ಲ; ಇಂದೇ ಬೇಕೆಂದು ಹಟ ಹಿಡಿಯುವುದೂ ಬೇಡ. ನಮ್ಮ ಜನ ಬೇಡುವುದು ಸಾಮಾನ್ಯವಾಗಿ ಕಟ್ಟಡವನ್ನು. ಕೊಡುವವರಿಗೂ ಕಟ್ಟಡವೇ ಇಷ್ಟ. ಕಟ್ಟಡಕ್ಕೆ ಶಿಲಾನ್ಯಾಸವಿದೆ, ಉದ್ಘಾಟನೆಯಿದೆ, ಹೆಸರು ಕೆತ್ತಿದ ಕಲ್ಲಿದೆ. ಗುರುವಿನ ಸಂಬಳಕ್ಕೆ ಶಿಲಾನ್ಯಾಸ ಮಾಡಲು ಬರುವುದಿಲ್ಲ! ಗುರುವಿಲ್ಲದ ಕ್ರೀಡಾಂಗಣದಲ್ಲಿ ಹುಲ್ಲು ಬೆಳೆಯುತ್ತದೆ. ಗುರುವಿದ್ದರೆ ಬರಿಯ ರಸ್ತೆಯೂ ಕ್ರೀಡಾಂಗಣವಾಗುತ್ತದೆ. ರಾಯಚೂರಿನಿಂದ ಕಲ್ಲೂರಿನ ಮೇಲೆ ಮಾನ್ವಿಗೆ, ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಇರುವ ಹಾದಿಗಳು ಐವತ್ತು ಕಿಲೋಮೀಟರಿನ ಆಸುಪಾಸಿನವು, ಬಹುಮಟ್ಟಿಗೆ ಸಮತಟ್ಟಾದವು. ನಮ್ಮ ಬೇಸಿಗೆಯ ಬಿಸಿಲು ಸಾಮಾನ್ಯವಲ್ಲ, ಭತ್ತದ ಲಾರಿಗಳ ಭಯವೂ ಇದೆ. ಆದ್ದರಿಂದಲೇ ಯಾವ ಹೊತ್ತಿಗೆ, ಯಾವ ಹಾದಿಯಲ್ಲಿ, ಎಷ್ಟು ದೂರ ಎಂದು ತಿಳಿದು ನಡೆಸುವ ಅನುಭವಿಯೊಬ್ಬರು ಬೇಕು.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಅಲ್ಪ ಬುದ್ಧಿಗೆ ತೋಚಿದ್ದು ಇಷ್ಟು. ರಾಯಚೂರು ಜಿಲ್ಲೆಗೆ ಒಬ್ಬ ಸೈಕ್ಲಿಂಗ್ ತರಬೇತುದಾರರ ಖಾಯಂ ಹುದ್ದೆ ಬರಲಿ. ವಿಜಯಪುರ, ಬಾಗಲಕೋಟೆಗಳಲ್ಲಿ ಪಳಗಿ ರಾಷ್ಟ್ರೀಯ ಮಟ್ಟದಲ್ಲಿ ಗೆದ್ದವರಲ್ಲಿ ಒಬ್ಬರನ್ನು, ಸಾಧ್ಯವಾದರೆ ಒಬ್ಬ ಮಹಿಳೆಯನ್ನು, ಅದಕ್ಕೆ ಕರೆತರಲಿ. ಅವರು ದೇವದುರ್ಗ, ಮಾನ್ವಿಗಳ ಹೈಸ್ಕೂಲುಗಳನ್ನು ಸುತ್ತಿ ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳನ್ನು ಆರಿಸಲಿ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೇ ದೊರೆತಿದೆ. ಅದರ ಹಣದಲ್ಲಿ ಗೋಡೆಗಳಿಗೆ ಸಲ್ಲುವ ಪಾಲಿನಲ್ಲಿ ಒಂದು ತುಣುಕು ಇಂಥ ಗುರುಗಳಿಗೂ ಸಲ್ಲಲಿ. ಹೀಗೆ ತಯಾರಾದ ಮೊದಲ ತಂಡದಿಂದ ಒಬ್ಬರಾದರೂ ಗುರುವಾಗಿ ಇಲ್ಲಿಗೇ ಮರಳುವಂತೆ ಆರಂಭದಲ್ಲೇ ಏರ್ಪಾಡಾಗಲಿ. ಆಗ ಹೊರಗಿನಿಂದ ತಂದ ದೀಪ ಮನೆಯ ದೀಪವಾಗುತ್ತದೆ.

ಕಾಲೇಜಿಗೂ ಒಂದು ಕೆಲಸವಿದೆ. ಪೂಜ್ಯ ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಂತಿ: ಬರುವ ವರ್ಷದ ವಾರ್ಷಿಕ ಕ್ರೀಡಾಕೂಟದ ಪಟ್ಟಿಯಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ಸೈಕಲ್ ಓಟವನ್ನು ಸೇರಿಸಿ. ಅದಕ್ಕೆ ಖರ್ಚು ಕಡಿಮೆ; ಅರ್ಧ ವಿದ್ಯಾರ್ಥಿಗಳು ಸಲಕರಣೆಯನ್ನು ಮನೆಯಿಂದಲೇ ತಂದಾರು.

ಸಹಪಾಠಿಗಳಿಗೆ ಹೇಳಬೇಕಾದ ಮಾತು ಬೇರೆ. ಪದವಿ ಮುಗಿದ ಕೂಡಲೇ ನಾವೆಲ್ಲ ಎಫ್.ಡಿ.ಎ., ಎಸ್.ಡಿ.ಎ. ಪರೀಕ್ಷೆಗಳ ಪುಸ್ತಕ ಹಿಡಿಯುತ್ತೇವೆ, ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮಲ್ಲಿ ಓಡುವವರಿದ್ದಾರೆ, ಕಬಡ್ಡಿಯಲ್ಲಿ ವಿಶ್ವವಿದ್ಯಾಲಯದ ಮಟ್ಟಕ್ಕೆ ಹೋಗಿ ಬಂದವರಿದ್ದಾರೆ. ಅವರು ಬಿ.ಪಿ.ಎಡ್. ಎಂದೊಡನೆ, ‘ಬೇರೆ ಏನೂ ಸಿಗಲಿಲ್ಲವೇ?’ ಎಂದು ಕೇಳುವವರು ನಾವೇ. ಕಲಿಸುವ ಕೆಲಸವನ್ನು ಸೋತವರ ಪಾಲಿನ ಕೆಲಸವೆಂದು ನಾವು ಎಣಿಸುವವರೆಗೆ, ಗೆದ್ದವರು ಆ ಕಡೆ ಮುಖ ಮಾಡುವುದಾದರೂ ಹೇಗೆ? ಮೂರು ಒಲಿಂಪಿಕ್ ಚಿನ್ನಗಳನ್ನು ಕೊರಳಿಗೆ ಹಾಕಿಕೊಂಡವನು ಕೈಯಲ್ಲಿ ಗಡಿಯಾರ ಹಿಡಿದು, ಹಾದಿಯ ಅಂಚಿನಲ್ಲಿ ನಿಂತು, ಇನ್ನೊಬ್ಬಳ ಸುತ್ತುಗಳನ್ನು ಎಣಿಸಿದನು. ಅವನಿಗೆ ಅದು ಕೆಳಗಿಳಿದಂತೆ ತೋರಲಿಲ್ಲ. ನಮಗೂ ತೋರಬಾರದು. ಮುಂದಿನ ವಾರ ಬಿ.ಪಿ.ಎಡ್. ಅರ್ಜಿ ತುಂಬುವ ಗೆಳೆಯನೋ ಗೆಳತಿಯೋ ನಿಮ್ಮ ಪಕ್ಕದಲ್ಲಿ ಕುಳಿತಿದ್ದರೆ, ಆ ಹಳೆಯ ಪ್ರಶ್ನೆಯನ್ನು ಕೇಳಬೇಡಿ. ನಮ್ಮ ಊರಿನ ಮಕ್ಕಳಿಗೆ ಏನು ಕಲಿಸುವಿರೆಂದು ಕೇಳಿ.